ಹಗ್ಗದಾಚೆ ನಿಂತವನು

ಕೋಪ ಕೆಲವರಿಗೆ ಮೂಗಿನ ತುದಿಯಲ್ಲಿರುತ್ತದೆ ಎನ್ನುತ್ತಾರೆ. ಸುತ್ತಿಗೆಯಕ್ಕನಿಗೆ ಅದು ಬಲಗೈಯ ಗೆಣ್ಣುಗಳಲ್ಲಿತ್ತು. ಮೂಗಿನ ಕೋಪ ಎರಡು ಮಾತಾಡಿದರೆ ಇಳಿಯುತ್ತದೆ. ಗೆಣ್ಣಿನ ಕೋಪ ಯಾರದಾದರೂ ಮೂಳೆ ಮುಟ್ಟುವ ತನಕ ಇಳಿಯುವುದಿಲ್ಲ. ಗ್ಯಾರೇಜುಗಳ ಆ ಬೀದಿಯಲ್ಲಿ ಅವಳ ಟಿಂಕರಿಂಗ್ ಶೆಡ್ಡು ಕೊನೆಯದು. ಎಲ್ಲೆಲ್ಲೋ ಗುದ್ದಿಸಿಕೊಂಡು ಬಂದ ಕಾರಿನ ಬಾಗಿಲು, ಬಾನೆಟ್ಟು, ಮಡ್‌ಗಾರ್ಡುಗಳನ್ನು ಬಡಿದು ನೇರ ಮಾಡುವುದು ಅವಳ ಕೆಲಸ. ಪಕ್ಕದ ಶೆಡ್ಡಿನಲ್ಲಿ ಬಣ್ಣ ಹೊಡೆಯುವವನು ಹೊಸ ಗಿರಾಕಿಗಳಿಗೆ ಒಂದು ಬುದ್ಧಿಮಾತು ಹೇಳಿಯೇ ಅವಳಲ್ಲಿಗೆ ಕಳಿಸುತ್ತಿದ್ದ: "ಚೌಕಾಸಿ ಮಾಡೋದಿದ್ರೆ ಬಾಗಿಲ ಆಚೆ ನಿಂತು ಮಾಡಿ. ಒಳಗೆ ಅವಳ ಕೈಗೆ ಸಿಕ್ಕಿದ್ದೆಲ್ಲಾ ಸುತ್ತಿಗೆನೇ."

ಬುದ್ಧಿಮಾತು ಕೇಳದವರು ಅನುಭವಿಸಿದರು. ಸೊಂಟ ಚಿವುಟಿದ ಲಾರಿ ಡ್ರೈವರೊಬ್ಬನ ಕೈಯನ್ನು ಅವನದೇ ಲಾರಿಯ ಬಾಗಿಲಿಗೆ ಕೊಟ್ಟು ಮುಚ್ಚಿದ್ದಳು. ಬಿಡಿಭಾಗ ಕದ್ದು ಮಾರುತ್ತಿದ್ದ ಕೆಲಸದವನನ್ನು ಗೋಡೆಗೆ ಎಷ್ಟು ಜೋರಾಗಿ ನೂಕಿದ್ದಳೆಂದರೆ, ಗೋಡೆಯ ಗಾರೆಯೂ ಅವನ ಮುಂದಿನ ಹಲ್ಲೂ ಒಟ್ಟಿಗೇ ಉದುರಿದ್ದವು. ಮದುವೆಯೂ ಒಮ್ಮೆ ಆಗಿತ್ತು. ಗಂಡ ಒಂದು ದಿನ ಕೈ ಎತ್ತಿದ, ಇವಳೂ ಎತ್ತಿದಳು. ಅವನು ಬಟ್ಟೆಯ ಪೆಟ್ಟಿಗೆಯನ್ನು ಬಲಗೈಯಲ್ಲಿ ಹಿಡಿದು, ಪ್ಲಾಸ್ಟರು ಹಾಕಿದ ಎಡಗೈಯನ್ನು ಕತ್ತಿಗೆ ನೇತುಹಾಕಿಕೊಂಡು ಮನೆಬಿಟ್ಟು ಹೋದ. ಅದರ ಬಗ್ಗೆ ಅವಳಿಗೆ ಯಾವ ಬೇಸರವೂ ಉಳಿದಂತೆ ಕಾಣಲಿಲ್ಲ.

ಶೆಡ್ಡೂ ಆ ಕೈಯೂ ಅಪ್ಪನಿಂದ ಬಂದ ಆಸ್ತಿ. "ತಗಡಾಗ್ಲಿ ಮಕ್ಕಳಾಗ್ಲಿ, ಏಟು ಬೀಳ್ದೆ ನೇರ ಆಗಲ್ಲ" ಎನ್ನುವ ಮನುಷ್ಯ ಆತ. ಕುಡಿಯದೆಯೇ ಹೊಡೆಯುತ್ತಿದ್ದ, ಕುಡಿದಿದ್ದರೆ ಕೈ ನಡುಗಿ ಒಂದೆರಡಾದರೂ ತಪ್ಪುತ್ತಿದ್ದವೇನೋ. ತಾಯಿಯಿಲ್ಲದ ಮನೆ. ಚಿಕ್ಕವಳ ಮೇಲೆ ಬರುವ ಏಟಿಗೆ ದೊಡ್ಡವಳು ಬೆನ್ನು ಕೊಡುತ್ತಿದ್ದಳು. ಅಪ್ಪ ಸತ್ತ ಮೇಲೆ ತಂಗಿಯನ್ನು ಸಾಕಿದ್ದು ಇವಳೇ. ಆದರೆ ಬೆನ್ನು ಕೊಟ್ಟವಳ ಕೈ ಸುಮ್ಮನಿರಲಿಲ್ಲ. ಹೊತ್ತಿಗೆ ಸರಿಯಾಗಿ ಮನೆಗೆ ಬರದಿದ್ದರೆ, ಎದುರು ಮಾತಾಡಿದರೆ, ಪಾತ್ರೆ ಒಡೆದರೆ ತಂಗಿಯ ಕೆನ್ನೆಗೂ ಬಿತ್ತು. ಪ್ರೀತಿಯಿರಲಿಲ್ಲವೆಂದಲ್ಲ. ಪ್ರೀತಿಯನ್ನು ಇನ್ಯಾವ ರೀತಿ ತೋರಿಸುತ್ತಾರೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಂಥ ಹೆಂಗಸು ರಾಕೆಟ್ಟು ಹಾರಿಸುವವರ ಸಂಘಕ್ಕೆ ಸೇರಿದ್ದು ಒಂದು ಬಗ್ಗಿದ ತಗಡಿನ ದೆಸೆಯಿಂದ. ಆ ಸಂಘ ನಡೆಸುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಊರಾಚೆಯ ಬೋಳು ಬಯಲಿನಲ್ಲಿ ರಜೆಯ ದಿನ ಸೇರಿ, ಕೊಳವೆಗೆ ಮೋಟಾರು ತುಂಬಿ, ಬಾಲಕ್ಕೆ ರೆಕ್ಕೆ ಅಂಟಿಸಿ, ದೂರದಿಂದ ಗುಂಡಿ ಒತ್ತಿ ಆಕಾಶಕ್ಕೆ ಬಿಡುವುದು ಅವರ ಹವ್ಯಾಸ. ರಾಕೆಟ್ಟು ನಿಲ್ಲಿಸುವ ಸ್ಟ್ಯಾಂಡಿನ ಬುಡದಲ್ಲಿ ಬೆಂಕಿಯ ಜ್ವಾಲೆಯನ್ನು ಪಕ್ಕಕ್ಕೆ ತಿರುಗಿಸುವ ದಪ್ಪ ತಗಡು ಸೊಟ್ಟಗಾಗಿತ್ತು. ಅದನ್ನು ಬಡಿದು ಕೊಟ್ಟ ಸುತ್ತಿಗೆಯಕ್ಕ, ಜೋಡಿಸಿ ಕೊಡಲೆಂದು ಬಯಲಿಗೂ ಹೋದಳು. ಅಲ್ಲಿ ಮೇಷ್ಟ್ರು ಮೈಕಿನಲ್ಲಿ "ಹಿಂದೆ ಸರೀರಿ" ಎಂದರು. ಜನ ಸರಿದರು! ಬ್ಯಾಂಕಿನವನು, ತರಕಾರಿಯವಳು, ಕಾಲೇಜಿನ ಹುಡುಗಿಯರು, ಎಲ್ಲರೂ ಮೊಳದುದ್ದದ ಒಂದು ಕೊಳವೆಗೆ ಹೆದರಿ ಮಾತಿಲ್ಲದೆ ಹಿಂದೆ ಹೋದರು. ಏಟು ಬೀಳುವ ಮೊದಲೇ ಹಿಂದೆ ಸರಿಯುವ ಜನರನ್ನು ಅವಳು ಕಂಡದ್ದು ಅದೇ ಮೊದಲು. ಮುಂದಿನ ವಾರವೂ ಹೋದಳು, ಅದರ ಮುಂದಿನ ವಾರವೂ ಹೋದಳು.

ದೂರದ ಲೆಕ್ಕವನ್ನು ಮೇಷ್ಟ್ರು ಅವಳಿಗೆ ಹೇಳಿಕೊಟ್ಟದ್ದು ಟೀ ಲೋಟ ಹಿಡಿದುಕೊಂಡು.

"ಒಂದು ರಾಕೆಟ್ ಹಾರಿಸಿದ್ರೆ, ಅದರ ಮೋಟಾರಿಗೆ ಎಷ್ಟು ಬಲ ಇದೆಯೋ ಅದಕ್ಕೆ ತಕ್ಕ ದೂರ. ಹದಿನೈದು ಒಟ್ಟಿಗೆ ಬಿಟ್ರೆ ಎಷ್ಟಮ್ಮ?"

"ಅಷ್ಟೇ. ಒಂದೊಂದೂ ಬೇರೆ ಬೇರೆ ತಾನೆ?"

"ಅಲ್ಲ. ಹದಿನೈದರ ಬಲಾನೂ ಕೂಡಿಸ್ಬೇಕು. ಎಲ್ಲಾ ಸೇರಿ ಒಂದೇ ಒಂದು ದೊಡ್ಡದು ಅಂದ್ಕೊಂಡು ನಿಲ್ಬೇಕು. ಅದೂ ಸಾಲ್ದು. ಅದರಲ್ಲಿ ಎಲ್ಲಕ್ಕಿಂತ ಮೇಲೆ ಹೋಗೋದು ಎಷ್ಟು ಎತ್ತರ ಹೋಗುತ್ತೋ, ಅದರ ಒಂದೂವರೆ ಪಟ್ಟು ದೂರದಲ್ಲಿ ಜನ ಇರ್ಬೇಕು. ಎರಡ್ರಲ್ಲಿ ಯಾವುದು ಜಾಸ್ತಿನೋ ಅಲ್ಲಿ ಹಗ್ಗ."

"ಅಷ್ಟು ದೂರ ಯಾಕೆ ಮೇಷ್ಟ್ರೇ? ಏನೂ ಕಾಣಲ್ಲ."

"ಒಂದು ಮೈಮೇಲೆ ಬಂದ್ರೆ ನೋಡಿ ತಪ್ಪಿಸ್ಕೋಬಹುದು. ಹದಿನೈದು ಬಂದ್ರೆ ಯಾವುದನ್ನ ನೋಡ್ತೀಯ?"

ಅದು ಅವಳಿಗೆ ತಟ್ಟನೆ ಅರ್ಥವಾಯಿತು. ಅಪ್ಪನೊಬ್ಬನೇ ಇದ್ದಾಗ ಮೂಲೆ ಸೇರಿ ತಪ್ಪಿಸಿಕೊಳ್ಳಬಹುದಿತ್ತು; ಚಿಕ್ಕಪ್ಪನೂ ಸೇರಿಕೊಂಡ ದಿನ ಆಗಿರಲಿಲ್ಲ. ಅಂದಿನಿಂದ ಬಯಲಿನ ಹಗ್ಗ ಅವಳದಾಯಿತು. ಗೂಟ ಹೊಡೆದು ಹಗ್ಗ ಬಿಗಿಯುವುದೂ ಅವಳೇ, ದಾಟಿದವರನ್ನು ಹಿಡಿದು ಹಿಂದಕ್ಕೆಳೆಯುವುದೂ ಅವಳೇ. ಒಂದು ಷರತ್ತು ಮಾತ್ರ ಇತ್ತು: ಬಯಲಿನಲ್ಲಿ ಕೈ ಮಾಡಿದವರು ಯಾರೇ ಆಗಲಿ, ಮತ್ತೆಂದೂ ಸಂಘದ ಕಡೆ ಮುಖ ಹಾಕುವಂತಿಲ್ಲ. ಮದ್ದು, ಬೆಂಕಿ, ಸಿಟ್ಟು ಮೂರೂ ಒಂದೆಡೆ ಇರಬಾರದೆಂಬುದು ಮೇಷ್ಟ್ರ ಹಠ. ಸುತ್ತಿಗೆಯಕ್ಕ ಒಪ್ಪಿದಳು. ವಾರವೆಲ್ಲ ಬೀದಿಯಲ್ಲಿ ಗುದ್ದಾಡಿ, ರಜೆಯ ದಿನ ಆ ಕೈಯಲ್ಲಿ ಹಗ್ಗ ಮಾತ್ರ ಹಿಡಿಯುತ್ತಿದ್ದಳು. ಬೈಗುಳಕ್ಕೆ ನಿಷೇಧವಿರಲಿಲ್ಲವಾದ್ದರಿಂದ ಬಾಯಿಗೆ ಕೆಲಸ ಹೆಚ್ಚಾಯಿತು.

ಆ ಸಂಘಕ್ಕೆ ಇನ್ನೊಂದು ಪದ್ಧತಿಯಿತ್ತು, ಕಣ್ಣು ಬದಲಿ ಎಂದು ಕರೆಯುತ್ತಿದ್ದರು. ಹಿಂದೊಮ್ಮೆ ಗುಂಪಿನಲ್ಲಿ ಹಾರಿಸಿದಾಗ ಎಲ್ಲರೂ ತಂತಮ್ಮ ರಾಕೆಟ್ಟನ್ನೇ ಬಾಯಿಬಿಟ್ಟುಕೊಂಡು ನೋಡುತ್ತಿದ್ದರಂತೆ. ಹೆತ್ತವರಿಗೆ ಹೆಗ್ಗಣ ಮುದ್ದು. ಆಗ ಒಂದು ತಿರುಗಿ ಬಂದು, ಬಗ್ಗಿ ಬ್ಯಾಟರಿ ತಂತಿ ಸುತ್ತುತ್ತಿದ್ದವನ ಬೆನ್ನಿಗೆ ಹೊಕ್ಕಿತು. ಭುಜದ ಎಲುಬಿನ ಪಕ್ಕದಲ್ಲಿ ಕೊಳವೆ ನೆಟ್ಟಗೆ ನಿಂತಿತ್ತಂತೆ. ಅವನು ಅದನ್ನು ಹೊತ್ತುಕೊಂಡೇ ನಾಲ್ಕು ಹೆಜ್ಜೆ ನಡೆದು ಬಿದ್ದ. ಕೈ ಇಂದಿಗೂ ಮೇಲೇಳುವುದಿಲ್ಲ. ಅಂದಿನಿಂದ, ಗುಂಪಿನಲ್ಲಿ ಹಾರಿಸುವಾಗ ಯಾರೂ ತಮ್ಮದನ್ನು ನೋಡುವಂತಿಲ್ಲ. ಪ್ರತಿಯೊಬ್ಬರೂ ಬಲಗಡೆಯವರದನ್ನು ಕಾಯಬೇಕು, ಕೊನೆಯವರು ಮೊದಲಿನವರದನ್ನು. ಅದು ದಾರಿ ತಪ್ಪಿದರೆ "ಮೇಲೆ!" ಎಂದು ಕೂಗಬೇಕು. ಕೂಗು ಕೇಳಿದವರು ಕೈಲಿದ್ದದ್ದನ್ನು ಬಿಟ್ಟು ತಲೆಯೆತ್ತಬೇಕು.

ತಂಗಿಯನ್ನು ಬಯಲಿಗೆ ಕರೆತಂದವಳೂ ಸುತ್ತಿಗೆಯಕ್ಕನೇ. ತಂಗಿಯ ಹೊಲಿಗೆ ಅಚ್ಚುಕಟ್ಟು. ರಾಕೆಟ್ಟುಗಳನ್ನು ಮೆಲ್ಲಗೆ ಕೆಳಗಿಳಿಸುವ ಸಂಘದವರ ಪ್ಯಾರಾಚೂಟುಗಳೆಲ್ಲ ಅವಳ ಮೆಷಿನ್ನಿನಿಂದ ಬರತೊಡಗಿದವು. ಅಲ್ಲೇ ಅವಳಿಗೆ ಲಿಫ್ಟಿನವನು ಸಿಕ್ಕಿದ. ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು, ನೋಡಲು ಲಕ್ಷಣ, ಮಾತೋ ಬೆಣ್ಣೆಯಿಂದ ಕೂದಲು ತೆಗೆದಂತೆ. ಅಕ್ಕನೇ ಮುಂದೆ ನಿಂತು ಮದುವೆ ಮಾಡಿದಳು. ಹೊರಗೆ ಥಳಕು, ಒಳಗೆ ಹುಳುಕು ಎಂದು ತಿಳಿಯಲು ಒಂದು ವರ್ಷ ಹಿಡಿಯಿತು. ಅವನು ಬಟ್ಟೆ ಮುಚ್ಚುವ ಜಾಗ ನೋಡಿ ಹೊಡೆಯುತ್ತಿದ್ದ. ಪಕ್ಕೆ, ತೊಡೆ, ಬೆನ್ನು. ಹೊಡೆದ ಮರುದಿನ ಬಯಲಿನಲ್ಲಿ ಎಲ್ಲರಿಗೂ ತಾನೇ ಟೀ ಹಂಚುತ್ತಿದ್ದ.

ತಿಳಿದ ದಿನ ಸುತ್ತಿಗೆಯಕ್ಕ ಸುತ್ತಿಗೆ ಹಿಡಿದೇ ಅವರ ಮನೆಗೆ ಹೋದಳು. ಊಟದ ಮೇಜಿನ ಮೇಲೆ ಅವನ ಕೈ ಇತ್ತು. ಅದು ಎರಡು ಬೆರಳಿನ ಲೆಕ್ಕಕ್ಕೆ ಮುಗಿಯಿತು. ಆದರೆ ಅವಳು ತಿರುಗಿ ಬಂದ ಮೇಲೆ ಆ ಮನೆಯಲ್ಲಿ ಆದದ್ದೇ ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬೆರಳು ಮುರಿದವಳು ಅಕ್ಕ, ಪಕ್ಕೆಲುಬು ಮುರಿಸಿಕೊಂಡವಳು ತಂಗಿ. ಆಸ್ಪತ್ರೆಯ ಹಾಸಿಗೆಯಿಂದ ತಂಗಿ ಕೈ ಮುಗಿದಳು. "ಅಕ್ಕಾ, ನೀನು ಅವರಿಗೆ ಕೊಟ್ಟಿದ್ದನ್ನ ಅವರು ನನಗೆ ಬಡ್ಡಿ ಸಮೇತ ಕೊಡ್ತಾರೆ. ನನ್ನ ಜೀವ ಬೇಕಾದ್ರೆ ಅವರನ್ನ ಮುಟ್ಬೇಡ."

ಮುಟ್ಟಲಿಲ್ಲ. ಹಲ್ಲು ಕಚ್ಚಿ ಕಚ್ಚಿ ಒಂದು ದವಡೆ ಹಲ್ಲೇ ಸೀಳಿತು, ಆದರೂ ಮುಟ್ಟಲಿಲ್ಲ. ಬಿಟ್ಟು ಬಾ ಎಂದರೆ ತಂಗಿ ಬರುತ್ತಿರಲಿಲ್ಲ. ಹೋದರೆ ಹುಡುಕಿಕೊಂಡು ಬಂದು ಇಬ್ಬರನ್ನೂ ಮುಗಿಸುತ್ತಾನೆ ಎನ್ನುತ್ತಿದ್ದಳು. ಕಣ್ಣೆದುರೇ ಒಡಹುಟ್ಟಿದವಳು ಸವೆಯುವುದನ್ನು ನೋಡುತ್ತಾ ಕೈಕಟ್ಟಿ ನಿಲ್ಲುವುದು ಏನೆಂದು, ಕೈಯಿಂದಲೇ ಬದುಕಿದ ಆ ಹೆಂಗಸನ್ನು ಕೇಳಬೇಕು. ಬೀದಿಯಲ್ಲಿ ಅವಳ ಜಗಳಗಳು ಹೆಚ್ಚಿದವು.

ಆ ವರ್ಷದ ದೊಡ್ಡ ಉಡಾವಣೆಯ ದಿನ ಬೆಳಿಗ್ಗೆ ಗೂಟ ಹೊಡೆಯುತ್ತಿದ್ದವಳ ಬಳಿಗೆ ತಂಗಿ ಬಂದಳು. ಸೆಕೆಯಲ್ಲೂ ಕತ್ತಿಗೆ ಸ್ಕಾರ್ಫು ಸುತ್ತಿದ್ದಳು. ಅಕ್ಕ ಕೇಳಲಿಲ್ಲ, ಒಂದು ತುದಿ ಹಿಡಿದು ಸರಿಸಿದಳು. ಗಂಟಲಿನ ಎರಡೂ ಕಡೆ ಹೆಬ್ಬೆರಳಿನ ಗುರುತು ಕಪ್ಪಗೆ ಕೂತಿತ್ತು.

"ಕತ್ತು ಹಿಡಿದ್ನಾ?"

"ನಿನ್ನೆ. ಕಣ್ಣು ಕತ್ತಲೆ ಬಂತು. ಬಿಟ್ಟುಬಿಟ್ರು." ಧ್ವನಿ ಒಡೆದು ಬರುತ್ತಿತ್ತು.

"ಇವತ್ತು ನೀನು ಆ ಮನೆಗೆ ಹೋಗಲ್ಲ. ತಿಳೀತಾ? ನನ್ನ ಜೊತೆ ಬರ್ತೀಯ."

"ನೋಡೋಣ ಅಕ್ಕಾ."

"ನೋಡೋದೇನು ಮಣ್ಣು! ನಾಳೆ ನಿನ್ನ ಹೆಣ ನೋಡ್ಲಾ?"

ತಂಗಿ ಸ್ಕಾರ್ಫು ಸರಿಮಾಡಿಕೊಂಡು ಹೋದಳು. ಸುತ್ತಿಗೆಯಕ್ಕ ಆ ಗೂಟಕ್ಕೆ ಕೊಟ್ಟ ಏಟಿಗೆ ಅದು ಸೀಳಿ ಎರಡಾಯಿತು. ಪಕ್ಕೆಯಿಂದ ಶುರುವಾದ ಕೈ ಗಂಟಲಿಗೆ ಬಂದಿದೆ. ಇನ್ನು ಮೇಲೆ ಹೋಗಲು ಜಾಗವಿಲ್ಲ. ಅದನ್ನು ತಿಳಿಯಲು ಅವಳಿಗೆ ಯಾರ ಪಾಠವೂ ಬೇಕಿರಲಿಲ್ಲ.

ಹದಿನೈದು ಸ್ಟ್ಯಾಂಡುಗಳು ಸಾಲಾಗಿ ನಿಂತವು. ಚೀಟಿ ಎತ್ತಿ ಜಾಗ ಹಂಚಿದರು. ಸುತ್ತಿಗೆಯಕ್ಕನಿಗೆ ಐದನೆಯದು, ಲಿಫ್ಟಿನವನಿಗೆ ಆರನೆಯದು. ಎಂದರೆ ಅವನ ರಾಕೆಟ್ಟಿಗೆ ಅವಳ ಕಣ್ಣು. "ಅತ್ತಿಗೆ ನೋಡ್ಕೊಂಡ್ರೆ ನನಗೇನು ಭಯ!" ಎಂದು ಅವನು ಎಲ್ಲರಿಗೂ ಕೇಳುವಂತೆ ನಕ್ಕ. ಅವನದು ಆಳೆತ್ತರದ ರಾಕೆಟ್ಟು, ಅಂದಿನ ಎಲ್ಲಕ್ಕಿಂತ ಮೇಲೆ ಹೋಗುವಂಥದ್ದು. ಅದರ ಎತ್ತರಕ್ಕೆ ಒಂದೂವರೆ ಪಟ್ಟು ಹಿಡಿದೇ ಹಗ್ಗ ಅಷ್ಟು ಹಿಂದೆ ಹೋಗಿತ್ತು. ಜನ ಹಗ್ಗದ ಹಿಂದೆ ಸೇರಿದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರೂ ಇದ್ದರು.

ಲಿಫ್ಟಿನವನು ಹಗ್ಗ ದಾಟಿ ಕಲ್ಲೆಸೆತದಷ್ಟು ಮುಂದೆ ಹೋಗಿ ನಿಂತ, ಮೊಬೈಲಿನಲ್ಲಿ ಹತ್ತಿರದ ಚಿತ್ರ ತೆಗೆಯಲು. ಯಾವಾಗಲೂ ಹಾಗೆಯೇ. ಯಾವಾಗಲೂ ಸುತ್ತಿಗೆಯಕ್ಕ ಬೈದು ಹಿಂದಕ್ಕೆ ಕರೆಯುತ್ತಿದ್ದಳು. ಬೈಸಿಕೊಂಡು, ನಗುತ್ತಾ, ಎರಡು ಹೆಜ್ಜೆ ಹಿಂದೆ ಬಂದು ಅಲ್ಲೇ ನಿಲ್ಲುತ್ತಿದ್ದ. ಅಂದು ಅವಳು ನೋಡಿದಳು. ನೋಡಿ ಸುಮ್ಮನಾದಳು. ಮೇಷ್ಟ್ರು ಮೈಕಿನಲ್ಲಿ "ಹಗ್ಗದ ಮುಂದೆ ಯಾರಾದ್ರೂ ಇದಾರಾ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವುದು ಅವಳ ಕೆಲಸ.

"ಎಲ್ಲಾ ಸರಿಯಿದೆ ಮೇಷ್ಟ್ರೇ" ಎಂದಳು.

ಗುಂಡಿ ಒತ್ತಿದರು. ಸಾಲಿಗೆ ಸಾಲೇ ಬೆಂಕಿ ಕಾರಿತು. ನೆಲ ಅದುರಿತು, ಹೊಗೆಯಲ್ಲಿ ಸ್ಟ್ಯಾಂಡುಗಳು ಮುಚ್ಚಿಹೋದವು, ಹದಿನಾಲ್ಕು ರಾಕೆಟ್ಟುಗಳು ಕಿರುಚುತ್ತಾ ಮೇಲೆದ್ದವು. ಫೋಟೊ ಅಂಗಡಿಯವನದೊಂದು ಹೊತ್ತಿಕೊಳ್ಳದೆ ಸ್ಟ್ಯಾಂಡಿನಲ್ಲೇ ಉಳಿಯಿತು. ಅಷ್ಟರಲ್ಲಿ ಗಾಳಿ ತಿರುಗಿ ಜನರ ಬೆನ್ನ ಹಿಂದಿನಿಂದ ಬೀಸಿತು. ರಾಕೆಟ್ಟುಗಳ ಸ್ವಭಾವವೇ ಗಾಳಿ ಬಂದ ಕಡೆಗೆ ಮೂತಿ ತಿರುಗಿಸುವುದು. ಎಲ್ಲವೂ ಜನರತ್ತ ವಾಲಿದವು. ಒಂದೊಂದಾಗಿ ಮೇಲೆ ಬಣ್ಣದ ಪ್ಯಾರಾಚೂಟುಗಳು ಅರಳಿದವು, ಜನ ಚಪ್ಪಾಳೆ ತಟ್ಟಿದರು.

ಆರನೆಯದರ ಮೂತಿ ಕಳಚಿತು, ಬಟ್ಟೆಯ ಉಂಡೆ ಹೊರಬಿತ್ತು. ಉಂಡೆ ಉಂಡೆಯಾಗಿಯೇ ಉಳಿಯಿತು. ಮೋಟಾರಿನ ಭಾರಕ್ಕೆ ಬಾಲ ಕೆಳಗಾಗಿ ಇಡೀ ಕೊಳವೆ ಶಿಳ್ಳೆ ಹಾಕುತ್ತಾ ಇಳಿಯತೊಡಗಿತು, ನೇರ ಲಿಫ್ಟಿನವನು ನಿಂತ ಕಡೆಗೆ. ಅವನು ಪದ್ಧತಿಯಂತೆ ಬಲಗಡೆಯವನದನ್ನು, ಏಳನೆಯದನ್ನು ನೋಡುತ್ತಿದ್ದ. ಜನರೂ ಬೇರೆಲ್ಲೋ ನೋಡುತ್ತಿದ್ದರು. ಆ ಬಯಲಿನಲ್ಲಿ ಅಷ್ಟು ಜನರಲ್ಲಿ ಅದನ್ನು ಕಾಣುತ್ತಿದ್ದ ಜೋಡಿ ಕಣ್ಣು ಒಂದೇ.

ಸುತ್ತಿಗೆಯಕ್ಕನ ಬಾಯಿ ತೆರೆದಿತ್ತು. ಶಬ್ದ ಬರಲಿಲ್ಲ. ಬೀಳಲಿ, ಎಂದಿತು ಅವಳೊಳಗೆ ಒಂದು ದನಿ, ಅಪ್ಪನದೇ ದನಿ. ನೀನು ಮುಟ್ಟಲಿಲ್ಲ, ಯಾರೂ ಮುಟ್ಟಲಿಲ್ಲ, ಬೀಳಲಿ. ಅವನ ತಲೆಬುರುಡೆ ಬಿರಿಯುವುದನ್ನು ಅವಳು ಆಗಲೇ ಕಂಡಳು, ಕಂಡು ಹಿಗ್ಗಿದಳು. ಸುಳ್ಳು ಹೇಳಬಾರದು, ಹಿಗ್ಗಿದಳು. ಶಿಳ್ಳೆ ಜೋರಾಯಿತು. ಆಮೇಲೆ ಏನಾಯಿತೋ ಅವಳಿಗೇ ತಿಳಿಯದು, ವರ್ಷಗಟ್ಟಲೆ ಕೂಗಿದ ಗಂಟಲು ತಾನಾಗಿಯೇ ಹರಿಯಿತು.

"ಮೇಲೇ!"

ಅವನು ತಲೆಯೆತ್ತಿದ, ಪಕ್ಕಕ್ಕೆ ಹಾರಿದ. ಅವನು ನಿಂತಿದ್ದ ಜಾಗದಲ್ಲಿ ಕೊಳವೆ ಮೊಣಕಾಲುದ್ದ ಹೂತುಹೋಯಿತು. ಸಿಡಿದ ರೆಕ್ಕೆಯ ಚೂರೊಂದು ಅವನ ಮೀನಖಂಡ ಸೀಳಿತು. ಹಗ್ಗದ ಹಿಂದೆ ಯಾರ ಮೇಲೂ ಒಂದು ಹರಳು ಕೂಡ ಬೀಳಲಿಲ್ಲ. ಜನ ಸುತ್ತಿಗೆಯಕ್ಕನ ಬೆನ್ನು ತಟ್ಟಿದರು. ಅವಳು ಬಗ್ಗಿ ಮಣ್ಣಿನ ಮೇಲೆ ವಾಂತಿ ಮಾಡಿಕೊಂಡಳು.

ತಲೆಯೆತ್ತುವ ಹೊತ್ತಿಗೆ ಲಿಫ್ಟಿನವನು ಬಟ್ಟೆಯ ಉಂಡೆ ಹಿಡಿದು ನಿಂತಿದ್ದ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಜನರ ನಡುವೆ ಹೆಂಡತಿಯನ್ನು ಹುಡುಕಿ, ಒಂದು ಬೆರಳಿನಿಂದ ಬಾ ಎಂದ. ತಂಗಿ ಹಗ್ಗದ ಕೆಳಗೆ ನುಸುಳಿ ಹೋದಳು. ಯಾರೂ ಹಿಡಿದೆಳೆಯಲಿಲ್ಲ, ಯಾರೂ ತಡೆಯಲೂ ಇಲ್ಲ.

ಮೊದಲ ಏಟು ಕಂಡಿತು, ಸದ್ದು ಕೇಳಿಸಲಿಲ್ಲ. ಅವಳ ತಲೆ ಒಂದು ಪಕ್ಕಕ್ಕೆ ಹೋಗಿ ಬಂತು. ಎರಡನೆಯದಕ್ಕೆ ಮೂಗು ಒಡೆಯಿತು. "ಮಡಚಿದ್ದು ನೀನೇ ತಾನೆ? ನನ್ನ ಕೊಲ್ಲೋಕೆ ನೋಡ್ತೀಯಾ?" ಎಂದು ಅವನು ಅರಚಿದ್ದು ಎಲ್ಲರಿಗೂ ಕೇಳಿಸಿತು. ಜುಟ್ಟು ಹಿಡಿದು ಅವಳ ಮುಖವನ್ನು ನೆಲದಲ್ಲಿ ನೆಟ್ಟಿದ್ದ ಕೊಳವೆಗೆ ಬಡಿದ, ಒಮ್ಮೆ, ಇನ್ನೊಮ್ಮೆ. ಸ್ಕಾರ್ಫು ಬಿಚ್ಚಿ ಬಿತ್ತು. ಟೀ ಹಂಚುವ ಸಭ್ಯಸ್ಥನನ್ನು ಜನ ಕೊನೆಗೂ ಕಂಡರು. ಕಂಡು ಹಗ್ಗ ಹಿಡಿದು ನಿಂತರು. ಸ್ಟ್ಯಾಂಡಿನಲ್ಲಿ ಒಂದು ಹೊತ್ತಿಕೊಳ್ಳದೆ ಉಳಿದಿರುವಾಗ ಯಾರೂ ದಾಟಬಾರದೆಂಬುದು ನಿಯಮ. ಗುಂಡಿಯ ಪೆಟ್ಟಿಗೆಯಿಂದ ಕೀಲಿ ತೆಗೆದು, ಕಾದು, ಮೇಷ್ಟ್ರು ಹೇಳಿದ ಮೇಲೆಯೇ ಹೋಗಬೇಕು. ಹೇಡಿತನಕ್ಕೆ ಅಷ್ಟು ಒಳ್ಳೆಯ ನೆಪ ಇನ್ನೊಂದು ಸಿಗುತ್ತಿರಲಿಲ್ಲ.

ಸುತ್ತಿಗೆಯಕ್ಕ ಹಗ್ಗವನ್ನು ತುಳಿದು ಓಡಿದಳು.

"ಅಮ್ಮಾ, ದಾಟ್ಬೇಡ! ಇನ್ನೂ ಒಂದು ಹೊತ್ತಿಲ್ಲ!" ಎಂದು ಮೈಕು ಕೂಗಿತು. ಅದೇ ಮಾತನ್ನು ಅವಳು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದಳೋ.

ಅವನು ಅವಳು ಬರುವುದನ್ನು ನೋಡಿ ತಯಾರಾಗಿಯೇ ಇದ್ದ. ಮುರಿದ ಕೊಳವೆಯ ತುಂಡಿನಿಂದ ಅವಳ ಕಿವಿಯ ಮೇಲೆ ಬೀಸಿದ. ಕಿವಿ ಹರಿದು ಜೋತಾಡಿತು. ಅವಳು ನಿಲ್ಲಲಿಲ್ಲ. ಹಣೆಯಿಂದ ಅವನ ಎದೆಗೆ ಗುದ್ದಿದಳು, ಸೀಳಿದ ಮೀನಖಂಡವನ್ನು ಬೂಟಿನಿಂದ ಒದ್ದಳು. ಅವನು ಊಳಿಟ್ಟು ಬಿದ್ದ. ಎದೆಯ ಮೇಲೆ ಕುಕ್ಕರಿಸಿದಳು. ತಗಡು ಬಡಿಯುವ ಕೈ ಅದು, ದಿನಕ್ಕೆ ಸಾವಿರ ಏಟು ಕೊಟ್ಟರೂ ಸೋಲದ್ದು. ಮೊದಲು ಮೂಗು ಹೋಯಿತು, ಆಮೇಲೆ ಹಲ್ಲು, ಆಮೇಲೆ ದವಡೆ ಕಳಚಿ ಒಂದು ಕಡೆಗೆ ವಾಲಿತು. ಅವನ ಕೈ ನೆಲ ಗೀರುವುದನ್ನು ನಿಲ್ಲಿಸಿತು. ಅವಳು ನಿಲ್ಲಿಸಲಿಲ್ಲ. ಬಾಯಲ್ಲಿ ಮಾತೂ ಇರಲಿಲ್ಲ, ಕೆಲಸದವರು ಕೆಲಸ ಮಾಡುವ ಹಾಗೆ ಮಾಡುತ್ತಿದ್ದಳು. ತಂಗಿ ಹಿಂದಿನಿಂದ ಅವಳನ್ನು ತಬ್ಬಿ "ಸಾಕು ಅಕ್ಕಾ, ಸತ್ತ್ಹೋಗ್ತಾನೆ, ಸಾಕು" ಎಂದು ಜೋತುಬೀಳದೆ ಹೋಗಿದ್ದರೆ ಅವನ ಕಥೆ ಅಲ್ಲೇ ಮುಗಿಯುತ್ತಿತ್ತು.

ಕೀಲಿ ತೆಗೆದುಕೊಂಡು ಮೇಷ್ಟ್ರು ಬಂದರು. ನಾಲ್ಕು ಜನ ಲಿಫ್ಟಿನವನನ್ನು ಎತ್ತಿ ಆಂಬುಲೆನ್ಸಿಗೆ ಫೋನು ಮಾಡಿದರು, ಯಾರೋ ಪೊಲೀಸರಿಗೂ ಮಾಡಿದರು.

"ನಿಯಮ ಗೊತ್ತಲ್ಲಮ್ಮ" ಎಂದರು ಮೇಷ್ಟ್ರು. "ಅವನೂ ಇಲ್ಲ, ನೀನೂ ಇಲ್ಲ."

"ಗೊತ್ತು ಮೇಷ್ಟ್ರೇ. ಪೊಲೀಸ್ನೋರಿಗೆ ನಾನು ಶೆಡ್ಡಲ್ಲಿ ಸಿಗ್ತೀನಿ ಅಂತ ಹೇಳಿ" ಎಂದು ಅವಳು ತಂಗಿಯನ್ನು ನಡೆಸಿಕೊಂಡು ತನ್ನ ವ್ಯಾನಿನ ಕಡೆ ಹೋದಳು. ಜನ ದಾರಿ ಬಿಟ್ಟರು. ಈ ಸಲ ಯಾರೂ ಬೆನ್ನು ತಟ್ಟಲಿಲ್ಲ.

ವ್ಯಾನಿನ ಬಾಗಿಲು ಹಾಕಿಕೊಂಡು ಇಬ್ಬರೂ ಕೂತರು. ಸುತ್ತಿಗೆಯಕ್ಕ ಎಣ್ಣೆ ಒರೆಸುವ ಬಟ್ಟೆಯಲ್ಲಿ ಕೊಂಚ ಚೊಕ್ಕಟವಾಗಿದ್ದುದನ್ನು ಆರಿಸಿ ತಂಗಿಯ ಮೂಗಿಗೆ ಒತ್ತಿದಳು, ಇನ್ನೊಂದನ್ನು ತನ್ನ ಕಿವಿಗೆ ಒತ್ತಿಕೊಂಡಳು. ಅವಳಿಗೆ ಖುಷಿಯಾಗಿತ್ತು. ತಂಗಿ ಬದುಕಿದ್ದಳು, ಪಕ್ಕದಲ್ಲಿದ್ದಳು, ಇನ್ನು ಆ ಮನೆಗೆ ಹೋಗುವುದಿಲ್ಲ. ಸಂಘ ಹೋದರೆ ಹೋಗಲಿ, ಜೈಲಾದರೆ ಆಗಲಿ.

"ಯಾಕಕ್ಕಾ ಕೂಗ್ದೆ?" ಎಂದಳು ತಂಗಿ, ಎದುರಿನ ಗಾಜು ನೋಡುತ್ತಾ.

"ಏನು?"

"ಮೇಲೆ ಅಂತ. ಯಾಕೆ ಕೂಗ್ದೆ? ನಾನು ಆ ಬಟ್ಟೆ ಬಿಚ್ಚಬಾರದು ಅಂತಾನೇ ಮಡಚಿದ್ದು. ಒಳಗಡೆಯಿಂದ ಹೊಲಿಗೆ ಹಾಕಿದ್ದೆ."

ಸುತ್ತಿಗೆಯಕ್ಕ ಬಟ್ಟೆ ಹಿಡಿದ ಕೈಯನ್ನು ಕೆಳಗಿಳಿಸಿದಳು.

"ನಿನ್ನೆ ಕಣ್ಣು ಕತ್ತಲೆ ಬಂತು ಅಂದೆನಲ್ಲ, ಎದ್ದ ಮೇಲೆ ಹೊಲಿದೆ. ಎಲ್ಲೋ ಬಿದ್ದು ಒಡೆದ್ಹೋದ್ರೂ ಸಾಕು ಅಂತ. ಅವನ ಮೇಲೇ ಬಿದ್ರೆ ನನ್ನ ಪುಣ್ಯ ಅಂತ. ಹಗ್ಗದ ಮುಂದೆ ನಿಲ್ಲೋನು ಅವನೊಬ್ಬನೇ ಅಲ್ವಾ? ಹಗ್ಗದ ಹಿಂದೆ ಯಾರಿಗೂ ಏನೂ ಆಗಲ್ಲ ಅಂತ ನೀನೇ ಹೇಳ್ತಿದ್ದೆ."

"ಹಗ್ಗ ಏನು ಗೋಡೆನಾ?" ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಒರಟಾಗಿತ್ತು. "ಆ ಲೆಕ್ಕ ಎಲ್ಲಾ ಬಟ್ಟೆ ಬಿಚ್ಚಿದ್ರೆ, ಗಾಳಿ ಸರಿಯಿದ್ರೆ! ಇನ್ನಷ್ಟು ಗಾಳಿ ತಿರುಗಿದ್ರೆ? ಹೆಗಲ ಮೇಲೆ ಮಕ್ಕಳು ಕೂತಿದ್ವು! ಅಷ್ಟೂ ಮಕ್ಕಳು!"

"ನನಗದೆಲ್ಲಾ ಹೊಳೀಲಿಲ್ಲ."

"ಹೊಳೀಲಿಲ್ವಾ?"

ತಾನು ಕಾದ ದೂರವನ್ನು, ತಾನು ನಂಬಿದ ಒಂದೇ ಒಂದು ಮಾತನ್ನು ಇವಳು ಸೂಜಿಯಲ್ಲಿ ಹೊಲಿದು ಕೊಲೆಗೆ ಬಳಸಿದ್ದಳು. ಅವನನ್ನು ಹಗ್ಗದಾಚೆ ಬಿಟ್ಟು ಎಲ್ಲಾ ಸರಿಯಿದೆ ಎಂದವಳು ತಾನೇ ಎಂಬುದು ಆ ಕ್ಷಣ ಸುತ್ತಿಗೆಯಕ್ಕನಿಗೆ ನೆನಪಿಗೆ ಬರಲಿಲ್ಲ. ಗೆಣ್ಣುಗಳು ತಾವಾಗಿಯೇ ಬಿಗಿದವು. ರಕ್ತ ಇನ್ನೂ ಆರದ ಬಲಗೈ ಭುಜದ ಮೇಲಕ್ಕೆದ್ದಿತು.

ತಂಗಿ ಕಿರುಚಲಿಲ್ಲ, ಬಾಗಿಲ ಕಡೆ ಸರಿಯಲೂ ಇಲ್ಲ. ಕಣ್ಣು ಮುಚ್ಚಿ, ಕೆನ್ನೆಯನ್ನು ಅಕ್ಕನ ಕೈಗೆ ಅನುಕೂಲವಾಗುವಂತೆ ಮೆಲ್ಲಗೆ ತಿರುಗಿಸಿಕೊಟ್ಟಳು. ಗದ್ದವನ್ನು ಎದೆಗೆ ಒತ್ತಿಕೊಂಡಳು.

"ಕತ್ತಿಗೆ ಬೇಡ ಅಕ್ಕಾ" ಎಂದಳು. "ಕತ್ತು ತುಂಬಾ ನೋಯ್ತಿದೆ."

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಅದನ್ನು ಎಲ್ಲಿ ಇಳಿಸಬೇಕೆಂದು ಸುತ್ತಿಗೆಯಕ್ಕನಿಗೆ ತಿಳಿಯಲಿಲ್ಲ. ತಂಗಿ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು.